ಉಪ್ಪು ಹೋದಲ್ಲಿಗೆ ನೀರು: ಶ್ವಾಸಕೋಶದ ಬಗ್ಗೆ ನೀವು ಕೇಳಿದ್ದು

ಹೋದ ಸಲ ಕೆಮ್ಮಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಕೆಮ್ಮಿನ ಸುದ್ದಿಗಿಂತ 'ಎದೆಯಲ್ಲಿ ನೀರು' ತುಂಬುವ ಸುದ್ದಿಯೇ ಜಾಸ್ತಿ ಇತ್ತು. ಒಬ್ಬರಿಗೆ ತಂದೆಯ ಚಿಂತೆ, ಒಬ್ಬರಿಗೆ ಮಗುವಿನದು, ಇನ್ನೊಬ್ಬ ಹುಡುಗನಿಗೆ ಪರೀಕ್ಷೆಯದು. ಎಲ್ಲರ ಪ್ರಶ್ನೆಯೂ ಕೊನೆಗೆ ಹೋಗಿ ನಿಲ್ಲುವುದು ಒಂದೇ ಕಡೆ. ಹಾಗಾಗಿ ಈ ಸಲ ಆರು ಕಾಗದಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಡಾಕ್ಟ್ರೇ, ನಮ್ಮ ತಂದೆಗೆ 71 ವರ್ಷ, ಹಾರ್ಟ್ ವೀಕ್ ಇದೆ. ಹೋದ ತಿಂಗಳು ಒಂದು ರಾತ್ರಿ ಮಲಗಲು ಆಗದೆ ಎದ್ದು ಕೂತು ಏದುಸಿರು ಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂದರು. ಪಕ್ಕದ ಮನೆಯವರಿಗೆ ಹೀಗೇ ಆದಾಗ ಬೆನ್ನಿಗೆ ಸೂಜಿ ಹಾಕಿ ಒಂದು ಲೀಟರ್ ನೀರು ತೆಗೆದಿದ್ದರು. ನಮ್ಮ ತಂದೆಗೆ ಬರೀ ಇಂಜೆಕ್ಷನ್ನು, ಆಕ್ಸಿಜನ್ನು. ಸೂಜಿ ಯಾಕೆ ಹಾಕಲಿಲ್ಲ? (ತುಮಕೂರು)

ನಿಮ್ಮ ತಂದೆಯವರ ನೀರು ಬೇರೆ, ಪಕ್ಕದ ಮನೆಯವರ ನೀರು ಬೇರೆ. ನಾವು ಎರಡಕ್ಕೂ 'ಎದೆಯಲ್ಲಿ ನೀರು' ಅಂದುಬಿಡುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ಶ್ವಾಸಕೋಶದ ಹೊರಗೆ ಎರಡು ಪದರದ ಪೊರೆ ಇದೆ. ಆ ಪದರಗಳ ನಡುವೆ ನೀರು ಸೇರಿದರೆ ಅದು ಸಾಮಾನ್ಯವಾಗಿ ಕೆಳಗಿಳಿದು ಒಂದು ಕಡೆ ನಿಲ್ಲುತ್ತದೆ. ಸೂಜಿ ಹಾಕಿದರೆ ಬರುತ್ತದೆ. ಪಕ್ಕದ ಮನೆಯವರಿಗೆ ಆಗಿದ್ದು ಅದು.

ನಿಮ್ಮ ತಂದೆಯವರಿಗೆ ನೀರು ತುಂಬಿದ್ದು ಶ್ವಾಸಕೋಶದ ಒಳಗಿನ ಗಾಳಿಚೀಲಗಳಲ್ಲಿ. ಇವು ಎಷ್ಟಿವೆ ಗೊತ್ತಾ? ಒಬ್ಬ ಮನುಷ್ಯನಲ್ಲಿ ಸರಾಸರಿ 48 ಕೋಟಿ. ಒಂದೊಂದೂ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಅಗಲ. ಎಲ್ಲವನ್ನೂ ಬಿಡಿಸಿ ಹರವಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ, ಅಂದರೆ ಬೆಂಗಳೂರಿನ ಒಂದು 20-30 ಸೈಟಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ಚೀಲಗಳಲ್ಲಿ ಹನಿ ಹನಿಯಾಗಿ ಹಂಚಿಹೋದ ನೀರಿಗೆ ಎಲ್ಲಿ ಅಂತ ಸೂಜಿ ಹಾಕುವುದು? ಒದ್ದೆ ಸ್ಪಂಜಿಗೆ ಸೂಜಿ ಚುಚ್ಚಿ ಎಳೆದ ಹಾಗಾಗುತ್ತದೆ.

ಅವರಿಗೆ ಕೊಟ್ಟಿದ್ದು ಬಹುಶಃ ಮೂತ್ರ ಜಾಸ್ತಿ ಮಾಡಿಸುವ ಇಂಜೆಕ್ಷನ್. ಹೃದಯ ಸೋತಾಗ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ, ನೀರು ಜಿನುಗುತ್ತದೆ. ಇಂಜೆಕ್ಷನ್ ಆ ಒತ್ತಡ ಇಳಿಸುತ್ತದೆ, ಸೋರಿಕೆ ತಗ್ಗುತ್ತದೆ. ಆದರೆ ಆಗಲೇ ಒಳಗೆ ಬಂದು ಕೂತ ನೀರು? ಅದನ್ನು ಹೊರಗೆ ಕಳಿಸುವುದು ಮುಖ್ಯವಾಗಿ ಗಾಳಿಚೀಲದ ಗೋಡೆಯ ಕೆಲಸ. ಔಷಧಿ ಸೋರಿಕೆ ನಿಲ್ಲಿಸಿ ಅದಕ್ಕೆ ಟೈಮ್ ಮಾಡಿಕೊಟ್ಟಿತು ಅಷ್ಟೇ.

ಇದನ್ನು ವೈದ್ಯರೇ ಒಪ್ಪಿಕೊಂಡಿದ್ದು ತಡವಾಗಿ. ಒತ್ತಡ ಇಳಿದರೆ ನೀರು ತಾನಾಗೇ ರಕ್ತಕ್ಕೆ ವಾಪಸ್ ಇಂಗುತ್ತದೆ ಅಂತಲೇ ಬಹಳ ಕಾಲ ನಂಬಿದ್ದರು. 1982ರಲ್ಲಿ ಅಮೆರಿಕದ ಮೈಕೆಲ್ ಮ್ಯಾಥೇ ಮತ್ತು ಜೊತೆಗಾರರು ಕುರಿಗಳ ಶ್ವಾಸಕೋಶಕ್ಕೆ ಪ್ರೋಟೀನ್ ಇರುವ ದ್ರವ ಬಿಟ್ಟು ನೋಡಿದರು. ಗಂಟೆ ಕಳೆದ ಹಾಗೆ ನೀರು ಖಾಲಿಯಾಗುತ್ತಾ ಹೋಯಿತು, ಪ್ರೋಟೀನ್ ಒಳಗೇ ಉಳಿದು ಗಟ್ಟಿಯಾಗುತ್ತಾ ಹೋಯಿತು, ಹಾಲು ಕಾಯಿಸಿ ಕಾಯಿಸಿ ಕೋವಾ ಮಾಡಿದ ಹಾಗೆ. ಪ್ರೋಟೀನ್ ಗಟ್ಟಿಯಾದಷ್ಟೂ ಅದು ನೀರನ್ನು ತನ್ನ ಕಡೆಗೇ ಎಳೆದುಕೊಳ್ಳಬೇಕು, ಲೆಕ್ಕದ ಪ್ರಕಾರ ನೀರು ಹೋಗುವುದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂದರೆ ಯಾರೋ ಅಲ್ಲಿ ಕೂತು ಶಕ್ತಿ ಖರ್ಚು ಮಾಡಿ ನೀರು ಎತ್ತುತ್ತಿದ್ದಾರೆ ಅಂತಾಯಿತು.

ಯಾರು? ಮುಂದಿನ ಕಾಗದ ಅದನ್ನೇ ಕೇಳಿದೆ.

ಸರ್, ನಾನು ಬಿಎಸ್ಸಿ ಎರಡನೇ ವರ್ಷ. ನೀರು ಆಸ್ಮಾಸಿಸ್‌ನಿಂದ ಹೋಗುತ್ತೆ ಅಂತ ಓದಿದ್ದೇನೆ. ನಮ್ಮ ಮೇಡಂ ಮಾತ್ರ 'ಶ್ವಾಸಕೋಶದಲ್ಲಿ ಅದನ್ನು ಕಿಣ್ವಗಳು ನಿಯಂತ್ರಿಸುತ್ತವೆ' ಅಂದರು. ಕಿಣ್ವ ಅಂದರೆ ಎಂಜೈಮ್, ಜೀರ್ಣ ಮಾಡೋದು ಅಲ್ವಾ? ನೀರಿಗೂ ಅದಕ್ಕೂ ಏನು ಸಂಬಂಧ? (ಧಾರವಾಡ)

ಒಳ್ಳೆಯ ಪ್ರಶ್ನೆ ಮಾರಾಯ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಇದನ್ನು ಮೆಡಿಕಲ್ ಹುಡುಗರೂ ಕೇಳುತ್ತಿರಲಿಲ್ಲ, ಸುಮ್ನೆ ಬರೆದುಕೊಂಡು ಹೋಗುತ್ತಿದ್ದರು.

ಮೊದಲು ಅಡುಗೆ ಮನೆಗೆ ಬಾ. ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಯಾವಾಗ ಹಾಕುತ್ತಾರೆ? ಎಲೆಗೆ ಬಡಿಸುವ ಹೊತ್ತಿಗೆ. ಮುಂಚೆಯೇ ಹಾಕಿದರೆ ಪಾತ್ರೆ ತುಂಬಾ ನೀರು. ಉಪ್ಪು ಎಲ್ಲಿದೆಯೋ ನೀರು ಅಲ್ಲಿಗೆ ಬರುತ್ತದೆ. ಗಾಳಿಚೀಲದ ಗೋಡೆಯೂ ಇದೇ ಉಪಾಯ ಮಾಡುತ್ತದೆ. ಅದಕ್ಕೆ ನೀರನ್ನು ಹಿಡಿದು ತಳ್ಳುವುದಕ್ಕೆ ಬರುವುದಿಲ್ಲ, ಉಪ್ಪನ್ನು ತಳ್ಳುತ್ತದೆ. ಗೋಡೆಯ ಆ ಕಡೆ ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ, ನೀರು ಹಿಂದೆಯೇ ಹೋಗುತ್ತದೆ. ನಿನ್ನ ಆಸ್ಮಾಸಿಸ್ ಸರಿಯೇ, ಆದರೆ ಅದು ಎರಡನೇ ಹೆಜ್ಜೆ.

ಉಪ್ಪು ದಾಟುವುದಕ್ಕೆ ಎರಡು ಜಾಗ ಇವೆ. ಗಾಳಿಯ ಕಡೆಗಿರುವ ಮೈಯಲ್ಲಿ ಒಂದು ಬಾಗಿಲು, ಸೋಡಿಯಂ ಒಳಗೆ ಬರಲಿಕ್ಕೆ. ಅದರ ಹೆಸರು ಈನ್ಯಾಕ್. ಮೂರು ತುಂಡು ಸೇರಿ ಆದ ಬಾಗಿಲು ಅದು: ಆಲ್ಫಾ, ಬೀಟಾ, ಗ್ಯಾಮಾ. ರಕ್ತದ ಕಡೆಗಿರುವ ಮೈಯಲ್ಲಿ ಪಂಪ್. ಒಳಗೆ ಬಂದ ಸೋಡಿಯಂ ಅನ್ನು ಅದು ಹಿಂದಿನಿಂದ ಹೊರಗೆ ಎತ್ತಿ ಹಾಕುತ್ತದೆ, ಒಂದು ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಖರ್ಚು ಒಂದು ಎಟಿಪಿ, ಅಂದರೆ ಕೋಶದ ಶಕ್ತಿಯ ನಾಣ್ಯ. ಈ ಪಂಪೇ ಒಂದು ಕಿಣ್ವ ಮಾರಾಯ! ಎಟಿಪಿಯನ್ನು ಒಡೆಯುವ ಕಿಣ್ವ. ಡೆನ್ಮಾರ್ಕಿನ ಯೆನ್ಸ್ ಸ್ಕೂ ಇದನ್ನು 1957ರಲ್ಲಿ ಏಡಿಯ ಕಾಲಿನ ನರದಲ್ಲಿ ಕಂಡುಹಿಡಿದರು, 40 ವರ್ಷ ಬಿಟ್ಟು 1997ರಲ್ಲಿ ಅದಕ್ಕೇ ನೊಬೆಲ್ ಬಂತು. ಅಂದಹಾಗೆ ನಮ್ಮ ಹಿತ್ತಲಿನ ಕಣಗಿಲೆ ಗಿಡ ವಿಷ ಅಂತಾರಲ್ಲ, ಅದರ ವಿಷ ಹಿಡಿದು ನಿಲ್ಲಿಸುವುದೂ ಈ ಪಂಪನ್ನೇ.

ಈಗ ನಿಮ್ಮ ಮೇಡಂ ಹೇಳಿದ ಮಾತಿಗೆ ಬರೋಣ. ಬಾಗಿಲು ಇದೆ, ಪಂಪ್ ಇದೆ, ಆದರೆ ಯಾವಾಗ ಎಷ್ಟು ತೆರೆಯಬೇಕು ಅಂತ ಹೇಳುವವರು ಬೇಕಲ್ಲ. ಅಲ್ಲಿ ಬರುವ ಕಿಣ್ವಗಳು ಹಲವು ಜಾತಿಯವು.

ಮೊದಲನೇ ಜಾತಿ ಕತ್ತರಿ ಹಿಡಿದವರು. ಪ್ರೋಟೀನ್ ಕತ್ತರಿಸುವ ಕಿಣ್ವಗಳು. ನೀನು 'ಜೀರ್ಣ ಮಾಡೋದು' ಅಂದೆಯಲ್ಲ, ಟ್ರಿಪ್ಸಿನ್ನು ಗಿಪ್ಸಿನ್ನು, ಆ ಕುಲದವೇ. ಈನ್ಯಾಕ್ ಹುಟ್ಟುವಾಗ ಬಾಯಿ ಹೊಲಿದುಕೊಂಡೇ ಹುಟ್ಟುತ್ತದೆ. ಅದರ ಆಲ್ಫಾ ತುಂಡಿನಲ್ಲೂ ಗ್ಯಾಮಾ ತುಂಡಿನಲ್ಲೂ ಬಾಗಿಲನ್ನು ಮುಚ್ಚಿ ಹಿಡಿಯುವ ಒಂದೊಂದು ಸಣ್ಣ ಚೂರು ಇದೆ. ಫ್ಯೂರಿನ್ ಎಂಬ ಕಿಣ್ವ ಕೋಶದ ಒಳಗೇ ಆಲ್ಫಾವನ್ನು ಎರಡು ಕಡೆ ಕತ್ತರಿಸುತ್ತದೆ, 26 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಸರದ 26 ಮಣಿಗಳ, ಒಂದು ಚೂರು ಉದುರುತ್ತದೆ. ಗ್ಯಾಮಾವನ್ನು ಮಾತ್ರ ಒಂದೇ ಕಡೆ ಕತ್ತರಿಸಿ ಬಿಡುತ್ತದೆ. ಉಳಿದ ಕತ್ತರಿ ಹಾಕುವುದು ಕೋಶದ ಮೇಲ್ಮೈಯಲ್ಲಿ ಕಾದು ಕೂತಿರುವ ಪ್ರೋಸ್ಟಾಸಿನ್. ಅಲ್ಲಿ 43 ಅಮೈನೋ ಆಮ್ಲಗಳ ಚೂರು ಉದುರಿದ ಮೇಲೆ ಬಾಗಿಲು ಪೂರ್ತಿ ಹುರುಪಿನಲ್ಲಿ ತೆರೆಯುತ್ತದೆ. ಹೊಸ ಅಂಗಿಯ ಜೇಬಿನ ಹೊಲಿಗೆ ಬಿಚ್ಚುತ್ತೀವಲ್ಲ, ಹಾಗೆ. ಬಿಚ್ಚಿದ ಮೇಲೆ ಮತ್ತೆ ಹೊಲಿಯುವುದಕ್ಕೆ ಆಗುವುದಿಲ್ಲ, ಇದು ನೆನಪಿರಲಿ.

ಪ್ರೋಸ್ಟಾಸಿನ್‌ನ ಕಥೆ ತಮಾಷೆಯಾಗಿದೆ. ಅದು ಮೊದಲು ಸಿಕ್ಕಿದ್ದು ವೀರ್ಯದಲ್ಲಿ, 1994ರಲ್ಲಿ, ಹೆಸರು ಬಂದಿದ್ದು ಪ್ರಾಸ್ಟೇಟ್ ಗ್ರಂಥಿಯಿಂದ. ಮೂರು ವರ್ಷದ ಮೇಲೆ ಬೇರೆಯವರು ಕಪ್ಪೆಯ ಮೂತ್ರಪಿಂಡದ ಕೋಶಗಳಲ್ಲಿ ಸೋಡಿಯಂ ಬಾಗಿಲು ತೆರೆಸುವ ಕಿಣ್ವ ಒಂದನ್ನು ಹುಡುಕಿ ತೆಗೆದರು. ನೋಡಿದರೆ ಎರಡೂ ಒಂದೇ ಬಳಗ. 2010ರ ಹೊತ್ತಿಗೆ ಗಾಳಿಚೀಲದಲ್ಲಿ ಈ ಕಿಣ್ವ ಇಲ್ಲದ ಇಲಿಗಳನ್ನು ತಯಾರಿಸಿ ನೋಡಿದಾಗ ಅವುಗಳ ಶ್ವಾಸಕೋಶ ನೀರು ಖಾಲಿ ಮಾಡುವುದರಲ್ಲಿ ಹಿಂದೆ ಬಿದ್ದಿದ್ದವು.

ತೆರೆದ ಬಾಗಿಲನ್ನು ಮತ್ತೆ ಹೊಲಿಯಲಾಗದು ಅಂದೆ. ಹಾಗಾದರೆ ನಿಲ್ಲಿಸುವುದು ಹೇಗೆ? ಬಾಗಿಲನ್ನೇ ಚೌಕಟ್ಟು ಸಮೇತ ಕಿತ್ತು ಒಳಗೆ ತೆಗೆದುಕೊಂಡು ಹೋಗುವುದು! ಆ ಕೆಲಸಕ್ಕೆ ಎರಡನೇ ಜಾತಿಯ ಕಿಣ್ವ ಇದೆ, ನೆಡ್-ಫೋರ್-ಟು ಅಂತ. ಇದು ಈನ್ಯಾಕ್‌ಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದ ಬಾಗಿಲು ಒಳಗೆ ಎಳೆಯಲ್ಪಟ್ಟು ಗುಜರಿಗೆ ಹೋಗುತ್ತದೆ. ಈ ಚೀಟಿ ಅಂಟದಿದ್ದರೆ ಏನಾಗುತ್ತದೆ ಅಂತ ನಮಗೆ ಗೊತ್ತಿರುವುದು ಶ್ವಾಸಕೋಶಕ್ಕಿಂತ ಮೂತ್ರಪಿಂಡದಿಂದ. 1963ರಲ್ಲಿ ಗ್ರಾಂಟ್ ಲಿಡ್ಲ್ ಎಂಬ ವೈದ್ಯ ಒಂದು ಕುಟುಂಬದಲ್ಲಿ ಎಳೆ ವಯಸ್ಸಿಗೇ ಬರುವ ಜೋರು ಬಿಪಿಯನ್ನು ವಿವರಿಸಿದರು. ಅಂಥವರಲ್ಲಿ ಈನ್ಯಾಕ್‌ನ ಬಾಲದಲ್ಲಿ ಚೀಟಿ ಅಂಟುವ ಜಾಗವೇ ಕೆಟ್ಟಿರುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. ಬಾಗಿಲು ಹಾಗೇ ತೆರೆದಿರುತ್ತದೆ, ಮೂತ್ರಪಿಂಡ ಉಪ್ಪನ್ನೆಲ್ಲಾ ವಾಪಸ್ ಎಳೆದುಕೊಳ್ಳುತ್ತದೆ, ಬಿಪಿ ಏರುತ್ತದೆ.

ಮೂರನೆಯವರು ಕೈನೇಸ್‌ಗಳು, ಫಾಸ್ಫೇಟ್ ಅಂಟಿಸುವ ಕಿಣ್ವಗಳು. ಇವರು ಮೇಸ್ತ್ರಿಗಳಿದ್ದ ಹಾಗೆ, ತಾವು ಕೈ ಹಾಕುವುದಿಲ್ಲ, ಬೇರೆಯವರಿಗೆ ಹೇಳಿ ಮಾಡಿಸುತ್ತಾರೆ. ಎಸ್‌ಜಿಕೆ-1 ಎಂಬ ಮೇಸ್ತ್ರಿ ಬಂದು ನೆಡ್-ಫೋರ್-ಟುಗೆ ಫಾಸ್ಫೇಟ್ ಅಂಟಿಸಿದರೆ ಅದು ಚೀಟಿ ಅಂಟಿಸುವುದು ಬಿಡುತ್ತದೆ, ಬಾಗಿಲುಗಳು ಜಾಸ್ತಿ ಹೊತ್ತು ಉಳಿಯುತ್ತವೆ. ಸ್ಟೀರಾಯ್ಡ್ ಹಾರ್ಮೋನುಗಳು ಈ ಮೇಸ್ತ್ರಿಯ ಸಂಖ್ಯೆ ಹೆಚ್ಚಿಸುತ್ತವೆ. ಅಡ್ರಿನಲಿನ್ ಬಂದರೆ ಪಿಕೆಎ ಎಂಬ ಇನ್ನೊಬ್ಬ ಮೇಸ್ತ್ರಿ ಎದ್ದು ಬಾಗಿಲು, ಪಂಪು ಎರಡರ ಕೆಲಸವನ್ನೂ ಚುರುಕು ಮಾಡಿಸುತ್ತಾನೆ. ಇದಕ್ಕೆ ಉಲ್ಟಾ ಕೆಲಸದವರೂ ಇದ್ದಾರೆ. ಅವರ ವಿಷಯ ಲಡಾಖಿನ ಕಾಗದದಲ್ಲಿ ಬರುತ್ತದೆ, ತಾಳು.

ಪರೀಕ್ಷೆಗೆ ಒಂದು ಸಣ್ಣ ವಿಷಯ ಇಟ್ಟುಕೋ. ನೀರು ದಾಟಲು ಅಕ್ವಾಪೋರಿನ್ ಅಂತ ಬೇರೆಯೇ ಕೊಳವೆ ಇದೆ, ಗಾಳಿಚೀಲದಲ್ಲಿ ಐದನೇ ನಂಬರಿನದು. ಅದೇ ಇಲ್ಲದಿದ್ದರೆ ನೀರು ಕಟ್ಟಿಕೊಳ್ಳಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಅದಿಲ್ಲದ ಇಲಿಗಳೂ ಆರಾಮಾಗಿ ನೀರು ಖಾಲಿ ಮಾಡಿದವು. ನೀರು ಹೇಗೋ ದಾರಿ ಮಾಡಿಕೊಳ್ಳುತ್ತದೆ, ಉಪ್ಪಿಗೆ ಮಾತ್ರ ಬಾಗಿಲು ಬೇಕೇ ಬೇಕು.

ಡಾಕ್ಟರ್, ನನ್ನ ಮಗಳು 37 ವಾರಕ್ಕೆ ಸಿಸೇರಿಯನ್‌ನಲ್ಲಿ ಹುಟ್ಟಿದಳು. ನೋವು ಶುರುವಾಗುವ ಮೊದಲೇ ದಿನ ನೋಡಿ ಮಾಡಿಸಿದ್ದು. ಹುಟ್ಟಿದ ಕೂಡಲೇ ಜೋರಾಗಿ ಉಸಿರಾಡುತ್ತಿದ್ದಳು, ಶ್ವಾಸಕೋಶ ಒದ್ದೆ ಇದೆ ಅಂತ ಎರಡು ದಿನ ಎನ್‌ಐಸಿಯುನಲ್ಲಿ ಇಟ್ಟರು. ಮಗು ಗರ್ಭದ ನೀರು ಕುಡಿದಿದೆ ಅಂತ ಅತ್ತೆ ಹೇಳುತ್ತಾರೆ. ನಾನೇನಾದರೂ ತಪ್ಪು ಮಾಡಿದೆನಾ? ಈಗ ಅವಳಿಗೆ ಒಂಬತ್ತು ತಿಂಗಳು, ಚೆನ್ನಾಗಿದ್ದಾಳೆ. (ಶಿವಮೊಗ್ಗ)

ಇಲ್ಲಮ್ಮ, ನಿಮ್ಮ ತಪ್ಪು ಏನೂ ಇಲ್ಲ. ಮಗು ನೀರು ಕುಡಿದಿದ್ದೂ ಅಲ್ಲ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ.

ಹೊಟ್ಟೆಯೊಳಗಿರುವ ಮಗುವಿನ ಶ್ವಾಸಕೋಶದಲ್ಲಿ ನೀರು ಇರಲೇಬೇಕು, ಇಲ್ಲದಿದ್ದರೆ ಅದು ಬೆಳೆಯುವುದೇ ಇಲ್ಲ. ಆ ನೀರನ್ನು ಮಗುವಿನ ಶ್ವಾಸಕೋಶವೇ ತಯಾರಿಸುತ್ತದೆ. ದಿನ ತುಂಬುವ ಹೊತ್ತಿಗೆ ಪ್ರತಿ ಕೆಜಿ ತೂಕಕ್ಕೆ ಸುಮಾರು 25ರಿಂದ 30 ಮಿಲಿ. ಮೂರು ಕೆಜಿ ಮಗು ಅಂದರೆ ಹೋಟೆಲಿನ ಒಂದು ಸಣ್ಣ ಲೋಟ ಕಾಫಿಯಷ್ಟು. ಹುಟ್ಟಿದ ಮೇಲೆ ಅಲ್ಲಿ ಗಾಳಿ ಇರಬೇಕು. ಅಂದರೆ ಇಷ್ಟು ದಿನ ನೀರು ಸುರಿಸುತ್ತಿದ್ದ ಗೋಡೆ ಕೆಲವೇ ಗಂಟೆಗಳಲ್ಲಿ ನೀರು ಹೀರುವ ಗೋಡೆಯಾಗಬೇಕು.

ಈ ತಿರುವು ಎಷ್ಟು ದೊಡ್ಡದು ಅಂತ ತಿಳಿದಿದ್ದು 1996ರಲ್ಲಿ. ಈನ್ಯಾಕ್ ಬಾಗಿಲಿನ ಆಲ್ಫಾ ತುಂಡು ಇಲ್ಲದ ಇಲಿಮರಿಗಳನ್ನು ಹುಟ್ಟಿಸಿದರು. ಮರಿಗಳು ಹುಟ್ಟಿದವು, ಉಸಿರಾಡಲು ಪ್ರಯತ್ನಪಟ್ಟವು, 40 ಗಂಟೆಯೊಳಗೆ ಸತ್ತವು. ಶ್ವಾಸಕೋಶದಲ್ಲಿ ನೀರು ಹಾಗೇ ಇತ್ತು. ಮನುಷ್ಯರಲ್ಲಿ ಈ ಬಾಗಿಲು ಹುಟ್ಟಿನಿಂದಲೇ ಕೆಟ್ಟ ಕೆಲವು ಅಪರೂಪದ ಮಕ್ಕಳಿದ್ದಾರೆ, ಅವರು ಹೀಗೆ ಹುಟ್ಟುತ್ತಲೇ ನೀರಿನಿಂದ ಸಾಯುವುದಿಲ್ಲ, ಆದರೆ ಉಸಿರಿನ ದಾರಿ ಸದಾ ಒದ್ದೆ, ಮೂಗು ಸೋರುತ್ತದೆ, ಪದೇ ಪದೇ ಕೆಮ್ಮು. ಇಲಿಗೂ ನಮಗೂ ಅಷ್ಟು ವ್ಯತ್ಯಾಸ ಇದೆ.

ತಿರುವಿಗೆ ಸ್ವಿಚ್ ಯಾವುದು? ಹೆರಿಗೆ ನೋವು. ನೋವು ತಾಯಿಗೆ ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ಒಳಗಿರುವ ಮಗುವಿನ ಮೈಯಲ್ಲೂ ಅಡ್ರಿನಲಿನ್ ಉಕ್ಕುತ್ತದೆ. ಕುರಿಮರಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ: ಅಡ್ರಿನಲಿನ್ ಕೊಟ್ಟರೆ ನೀರು ಸುರಿಸುವುದು ನಿಂತು ಹೀರುವುದು ಶುರುವಾಗುತ್ತದೆ, ಸೋಡಿಯಂ ಬಾಗಿಲು ಮುಚ್ಚುವ ಅಮಿಲೋರೈಡ್ ಎಂಬ ಔಷಧಿ ಬಿಟ್ಟರೆ ಹೀರುವುದು ನಿಲ್ಲುತ್ತದೆ. ಅಡ್ರಿನಲಿನ್ ಬಂದಾಗ ಆ ಪಿಕೆಎ ಮೇಸ್ತ್ರಿ ಏಳುತ್ತಾನೆ ಅಂದೆನಲ್ಲ, ಅದೇ. ನಿಮ್ಮ ಮಗಳಿಗೆ ಆ ನೋವಿನ ಹೊತ್ತು ಸಿಗಲಿಲ್ಲ, ಜೊತೆಗೆ ಎರಡು ವಾರ ಬೇಗ ಬಂದಳು. ಸ್ವಿಚ್ ಬೀಳುವುದು ಸ್ವಲ್ಪ ತಡವಾಯಿತು. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ, ಅವಳಿಗೂ ಹೋಯಿತು.

ಕಾರಣ ಇಲ್ಲದೆ 39 ವಾರಕ್ಕೆ ಮೊದಲು ದಿನ ಗೊತ್ತುಮಾಡಿ ಸಿಸೇರಿಯನ್ ಬೇಡ ಅಂತ ವೈದ್ಯರು ಹೇಳುವುದು ಇದಕ್ಕೂ ಸೇರಿಯೇ. ಪಂಚಾಂಗ ನೋಡಿ, ನಕ್ಷತ್ರ ನೋಡಿ ಎರಡು ವಾರ ಹಿಂದಕ್ಕೆ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಮ್ಮದು ಹಾಗೆ ಅಂತಲ್ಲ, ನಿಮ್ಮ ವೈದ್ಯರಿಗೆ ಬೇರೆ ಕಾರಣ ಇದ್ದಿರಬಹುದು.

ನಾವು ನಾಲ್ಕು ಜನ ಬೆಂಗಳೂರಿನಿಂದ ಲೇಹ್‌ಗೆ ಫ್ಲೈಟ್‌ನಲ್ಲಿ ಹೋದೆವು. ನಮ್ಮಲ್ಲಿ ಎಲ್ಲರಿಗಿಂತ ಫಿಟ್ ಆಗಿದ್ದವನಿಗೇ, ದಿನಾ ಹತ್ತು ಕಿಲೋಮೀಟರ್ ಓಡುವವನಿಗೆ, ಮೂರನೇ ದಿನ ಶ್ವಾಸಕೋಶದಲ್ಲಿ ನೀರು ತುಂಬಿತು. ಇದು ಥಂಡಿಯಿಂದ ಆಗಿದ್ದಾ? ಅಲ್ಲಿ ಒಬ್ಬರು ಅಸ್ತಮಾ ಇನ್ಹೇಲರ್ ತಗೊಂಡು ಹೋಗಿದ್ದರೆ ಆಗ್ತಿರಲಿಲ್ಲ ಅಂದರು. ನಿಜವಾ? (ಬೆಂಗಳೂರು)

ಥಂಡಿಯೊಂದರಿಂದಲೇ ಆಗಿದ್ದಲ್ಲ. ಮುಖ್ಯ ಕಾರಣ ಆಮ್ಲಜನಕದ ಕೊರತೆ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಎತ್ತರ, ಲೇಹ್ ಸುಮಾರು 3,500. ಕೆಲವೇ ಗಂಟೆಗಳಲ್ಲಿ ಅಷ್ಟು ಎತ್ತರಕ್ಕೆ ಹಾರಿದಿರಿ. ಫಿಟ್‌ನೆಸ್ ಇದಕ್ಕೆ ಕಾಪಾಡುವುದಿಲ್ಲ. ಫಿಟ್ ಇರುವವನು ಮೊದಲ ದಿನವೇ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಾನೆ ನೋಡಿ, ಅವನೇ ಜಾಸ್ತಿ ಸಿಕ್ಕಿಬೀಳುವುದು.

ಈ ಕಾಯಿಲೆಯ ಚರಿತ್ರೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1960ರಲ್ಲಿ ಅಮೆರಿಕದ ಚಾರ್ಲ್ಸ್ ಹ್ಯೂಸ್ಟನ್ ಇದನ್ನು ನ್ಯುಮೋನಿಯಾ ಅಲ್ಲ, ಬೇರೆಯೇ ಅಂತ ಬರೆದರು. 1962ರ ಚೀನಾ ಯುದ್ಧದ ಹೊತ್ತಿಗೆ ಬಯಲು ಸೀಮೆಯ ನಮ್ಮ ಸೈನಿಕರನ್ನು ವಿಮಾನದಲ್ಲಿ ಒಯ್ದು ನೇರ ಹಿಮಾಲಯದ ಎತ್ತರದಲ್ಲಿ ಇಳಿಸಬೇಕಾಯಿತು. ಗಟ್ಟಿಮುಟ್ಟಾದ ಹುಡುಗರು ನೊರೆ ಕೆಮ್ಮುತ್ತಾ ಬಿದ್ದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಆ ಅನುಭವವನ್ನು 1965ರಲ್ಲಿ ಪ್ರಕಟಿಸಿದರು. ಈಗಲೂ ಜಗತ್ತಿನಲ್ಲಿ ಈ ವಿಷಯ ಓದುವವರು ಅವರ ಬರಹ ಓದುತ್ತಾರೆ.

ಆಗುವುದು ಹೀಗೆ. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಎಲ್ಲಾ ಕಡೆ ಸಮನಾಗಿ ಅಲ್ಲ. ಬಿಗಿಯದ ಕಡೆ ಒತ್ತಡ ಏರಿ ನೀರು ಜಿನುಗುತ್ತದೆ. ಇದು ಸೋರಿಕೆ. ಸರಿ, ಎತ್ತಿ ಹಾಕುವ ಪಂಪ್ ಇದೆಯಲ್ಲ? ದುರದೃಷ್ಟ ಅಂದರೆ ಅದೇ ಹೊತ್ತಿಗೆ ಪಂಪೂ ನಿಧಾನವಾಗುತ್ತದೆ. ನಿಮ್ಮ ಮನೆಯಲ್ಲಿ ಕರೆಂಟ್ ಹೋದಾಗ ಯುಪಿಎಸ್ ಮೇಲೆ ಲೈಟು, ಫ್ಯಾನು ನಡೆಯುತ್ತವೆ, ಸಂಪಿನ ಮೋಟರ್ ಹಾಕುತ್ತೀರಾ? ಇಲ್ಲ ಅಲ್ವಾ. ಕೋಶವೂ ಹಾಗೇ ಲೆಕ್ಕ ಹಾಕುತ್ತದೆ. ಎಟಿಪಿ ಜಾಸ್ತಿ ತಿನ್ನುವುದು ಈ ಸೋಡಿಯಂ ಪಂಪ್. ಆಮ್ಲಜನಕ ಇಳಿದ ಕೂಡಲೇ ಪಿಕೆಸಿ-ಝೀಟಾ ಎಂಬ ಕೈನೇಸ್ ಪಂಪಿನ ಮೇಲೆ ಒಂದು ಫಾಸ್ಫೇಟ್ ಅಂಟಿಸುತ್ತದೆ, ಪಂಪನ್ನು ಪೊರೆಯಿಂದ ಕೋಶದ ಒಳಕ್ಕೆ ಎಳೆದುಕೊಳ್ಳುತ್ತಾರೆ. ಧಾರವಾಡದ ಹುಡುಗನಿಗೆ ಹೇಳಿದ ಉಲ್ಟಾ ಮೇಸ್ತ್ರಿ ಇವನೇ. ಷಿಕಾಗೋದ ಯಾಕೋಬ್ ಸ್ನೈಡರ್ ಅವರ ತಂಡ 2003ರಲ್ಲಿ ಇದನ್ನು ತೋರಿಸಿತು. ಐದು ವರ್ಷದ ಮೇಲೆ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೂ ಪಂಪ್ ಹೀಗೇ ಒಳಗೆ ಹೋಗುತ್ತದೆ, ಅಲ್ಲಿ ಮೊದಲು ಏಳುವವನು ಎಎಂಪಿಕೆ ಎಂಬ ಇನ್ನೊಂದು ಕೈನೇಸ್, ಕೋಶದ ಖರ್ಚುವೆಚ್ಚ ನೋಡುವ ಲೆಕ್ಕಿಗ, ಅಂತಲೂ ತಿಳಿಯಿತು. ಕೋಶ ತನ್ನನ್ನು ಉಳಿಸಿಕೊಂಡಿತು, ಮನುಷ್ಯ ಮುಳುಗಿದ. ನನಗಂತೂ ಇದಕ್ಕಿಂತ ವಿಚಿತ್ರ ಲೆಕ್ಕ ಶರೀರದಲ್ಲಿ ಬೇರೆ ಕಂಡಿಲ್ಲ.

ಇನ್ಹೇಲರ್ ವಿಷಯ. ಅಂದವರು ಸುಮ್ನೆ ಅಂದಿಲ್ಲ. 2002ರಲ್ಲಿ ಇಟಲಿಯ ಗಡಿಯ ಆಲ್ಪ್ಸ್‌ನಲ್ಲಿ 4,559 ಮೀಟರ್ ಎತ್ತರದ ಒಂದು ಗುಡಿಸಲಿಗೆ, ಹಿಂದೆ ಈ ಕಾಯಿಲೆ ಬಂದಿದ್ದ 37 ಜನರನ್ನು ಹತ್ತಿಸಿದರು. ಅರ್ಧ ಜನಕ್ಕೆ ಸಾಲ್ಮೆಟೆರಾಲ್, ಅಡ್ರಿನಲಿನ್ನಿನ ದೂರದ ನೆಂಟ. ಅರ್ಧ ಜನಕ್ಕೆ ಸುಳ್ಳು ಔಷಧಿ. ಸುಳ್ಳು ಔಷಧಿಯವರಲ್ಲಿ ನೂರಕ್ಕೆ 74 ಮಂದಿಗೆ ನೀರು ತುಂಬಿತು, ಸಾಲ್ಮೆಟೆರಾಲ್‌ನವರಲ್ಲಿ 33. ಚೆನ್ನಾಗಿದೆ ಅಲ್ವಾ? ಆದರೆ ಕೊಟ್ಟ ಪ್ರಮಾಣ ಅಸ್ತಮಾಗೆ ಕೊಡುವುದಕ್ಕಿಂತ ಬಹಳ ಹೆಚ್ಚು, ಮೈ ನಡುಗಿಸುವಷ್ಟು. ಇವತ್ತು ಪರ್ವತ ವೈದ್ಯರು ಹಿಂದೆ ಕಾಯಿಲೆ ಬಂದವರಿಗೆ ಮೊದಲು ಯೋಚಿಸುವುದು ರಕ್ತನಾಳ ಸಡಿಲಿಸುವ ನಿಫೆಡಿಪಿನ್, ಅದೂ ವೈದ್ಯರು ನೋಡಿ ಕೊಟ್ಟರೆ ಮಾತ್ರ. ನಿಮ್ಮ ಗೆಳೆಯ ಮತ್ತೆ ಹೋಗುವುದಾದರೆ ಮೊದಲು ವೈದ್ಯರನ್ನು ಕಾಣಲಿ, ಲೇಹ್‌ನಲ್ಲಿ ಮೊದಲ ಎರಡು ದಿನ ಕೋಣೆಯಲ್ಲಿ ಬಿದ್ದುಕೊಂಡಿರಲಿ, ಖರ್ದುಂಗ್ ಲಾ ಎಲ್ಲೂ ಓಡಿಹೋಗುವುದಿಲ್ಲ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಕೆಮ್ಮು ಬಿಡದಿದ್ದರೆ, ನೊರೆ ಬಂದರೆ, ಆಮ್ಲಜನಕ ಹಾಕಿಸಿ ಕೆಳಗೆ ಇಳಿಸಬೇಕು. ಬೆಳಗಾಗಲಿ ನೋಡೋಣ ಅನ್ನಬೇಡಿ.

ಕೋವಿಡ್ ಎರಡನೇ ಅಲೆಯಲ್ಲಿ ನನ್ನ ಅಣ್ಣ ಐಸಿಯುನಲ್ಲಿ 19 ದಿನ ವೆಂಟಿಲೇಟರ್ ಮೇಲಿದ್ದು ತೀರಿಕೊಂಡ. ಶ್ವಾಸಕೋಶ ಪೂರ್ತಿ ನೀರು ಅಂದರು. ಇಷ್ಟು ಮುಂದುವರಿದಿದ್ದೇವೆ ಅಂತೀರಿ, ಆ ನೀರು ಎಳೆಯುವ ಒಂದು ಔಷಧಿ ಯಾಕಿಲ್ಲ? (ಹುಬ್ಬಳ್ಳಿ)

ನಿಮ್ಮ ಅಣ್ಣನ ವಿಷಯ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಔಷಧಿ ಹುಡುಕಲಿಲ್ಲ ಅಂತಲ್ಲ. 2001ರಲ್ಲಿ ಲೊರೇನ್ ವೇರ್ ಮತ್ತು ಮೈಕೆಲ್ ಮ್ಯಾಥೇ, ಆ ಕುರಿಗಳ ಮ್ಯಾಥೇಯವರೇ, ಹೀಗೆ ಶ್ವಾಸಕೋಶ ಕೆಟ್ಟು ವೆಂಟಿಲೇಟರ್ ಮೇಲಿದ್ದ 79 ಜನರ ಶ್ವಾಸಕೋಶದ ನೀರನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ತೆಗೆದು ನೋಡಿದರು. ಕೋವಾದ ಲೆಕ್ಕವೇ, ಪ್ರೋಟೀನ್ ಗಟ್ಟಿಯಾಗಿದ್ದರೆ ಗೋಡೆ ನೀರು ಎತ್ತುತ್ತಿದೆ ಅಂತ. ನೂರಕ್ಕೆ 56 ಜನರಲ್ಲಿ ಆ ಕೆಲಸ ಕುಂಟಿತ್ತು. ಚೆನ್ನಾಗಿ ಎತ್ತುತ್ತಿದ್ದ ಕೆಲವರಲ್ಲಿ ಸಾವು ಕಡಿಮೆ ಇತ್ತು. ಇದನ್ನು ನೋಡಿದ ಯಾರಿಗಾದರೂ ಏನನ್ನಿಸುತ್ತದೆ? ಅಡ್ರಿನಲಿನ್ ನೆಂಟನನ್ನು ಕೊಟ್ಟು ಪಂಪ್ ಓಡಿಸೋಣ ಅಂತ.

ಓಡಿಸಿ ನೋಡಿದರು. ಅಮೆರಿಕದಲ್ಲಿ ಆವಿಯಾಗಿ ಕೊಟ್ಟರು, ಉಪಯೋಗ ಕಾಣಲಿಲ್ಲ ಅಂತ 2011ರಲ್ಲಿ ವರದಿ ಬಂತು. ಬ್ರಿಟನ್ನಿನ 46 ಐಸಿಯುಗಳಲ್ಲಿ 326 ರೋಗಿಗಳನ್ನು ಸೇರಿಸಿ ಸಾಲ್ಬುಟಮಾಲ್ ಅನ್ನು ನರಕ್ಕೆ ಕೊಟ್ಟು ನೋಡಿದರು, 2012ರಲ್ಲಿ ಫಲಿತಾಂಶ ಬಂತು. 28 ದಿನದೊಳಗೆ ಸತ್ತವರು ಸಾಲ್ಬುಟಮಾಲ್ ಪಡೆದವರಲ್ಲಿ ನೂರಕ್ಕೆ 34, ಪಡೆಯದವರಲ್ಲಿ 23. ಅಪಾಯ ಕಂಡು ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದ್ದರು.

ಯಾಕೆ ಕೈಕೊಟ್ಟಿತು? ಒಂದು, ಆ ಔಷಧಿ ಶ್ವಾಸಕೋಶಕ್ಕೆ ಮಾತ್ರ ಹೋಗುವುದಿಲ್ಲ. ಹೃದಯ ಓಡುತ್ತದೆ, ತಾಳ ತಪ್ಪುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಮೊದಲೇ ಸೋತ ಮೈಗೆ ಅದು ತಡೆಯದು. ಇನ್ನೊಂದು, ನನಗೆ ದೊಡ್ಡದಾಗಿ ಕಾಣುವುದು ಇದು: ಹೃದಯದ ಕಾಯಿಲೆಯಲ್ಲಿ, ಲೇಹ್‌ನಲ್ಲಿ, ಗೋಡೆ ಬಹುಮಟ್ಟಿಗೆ ನೆಟ್ಟಗಿರುತ್ತದೆ. ನಿಮ್ಮ ಅಣ್ಣನಂಥವರಲ್ಲಿ ಗೋಡೆಯ ಕೋಶಗಳೇ ಸತ್ತು ಉದುರಿರುತ್ತವೆ. ತೂತು ಬಿದ್ದ ಟ್ಯಾಂಕಿಗೆ ಮೋಟರ್ ಎಷ್ಟು ಹೊತ್ತು ಓಡಿಸಿದರೇನು? ಬಾಗಿಲು ತೆರೆಸುವ ಕಿಣ್ವ ಇದ್ದರೂ ಬಾಗಿಲೇ ಇಲ್ಲ.

ಕೋವಿಡ್ ವೈರಸ್ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಅದರ ಮುಳ್ಳಿನಲ್ಲಿ ಫ್ಯೂರಿನ್ ಕತ್ತರಿಸುವ ಜಾಗದ ಎಂಟು ಅಮೈನೋ ಆಮ್ಲಗಳ ಸಾಲು, ನಮ್ಮ ಈನ್ಯಾಕ್ ಆಲ್ಫಾದಲ್ಲಿ ಫ್ಯೂರಿನ್ ಕತ್ತರಿಸುವ ಸಾಲಿನ ಪಡಿಯಚ್ಚು. 2020ರಲ್ಲಿ ಇದನ್ನು ಗಮನಿಸಿದವರು, ವೈರಸ್ ಆ ಕತ್ತರಿಗೆ ಪೈಪೋಟಿ ಬೀಳುತ್ತಿರಬಹುದೇ ಅಂತ ಅನುಮಾನ ಮುಂದಿಟ್ಟರು. ಅನುಮಾನ ಅಷ್ಟೇ, ರೋಗಿಗಳಲ್ಲಿ ಅದರಿಂದಲೇ ನೀರು ತುಂಬಿತು ಅಂತ ನಾನು ಹೇಳಲಾರೆ.

ಇವತ್ತಿಗೂ ಐಸಿಯುನಲ್ಲಿ ಮಾಡುವುದು ಗೋಡೆ ಮತ್ತೆ ಬೆಳೆಯುವವರೆಗೆ ಕಾಯುವುದು. ಸಣ್ಣ ಸಣ್ಣ ಉಸಿರು ಕೊಟ್ಟು, ಬೋರಲು ಮಲಗಿಸಿ, ಡ್ರಿಪ್ಪಿನ ನೀರು ಹಿಡಿತದಲ್ಲಿಟ್ಟು ಕಾಯುವುದು. ನಿಮ್ಮ ಅಣ್ಣನಿಗೂ 19 ದಿನ ಕಾದರು.

ಔಷಧಿ ಅಂಗಡಿಯಲ್ಲಿ ಊತಕ್ಕೆ ಅಂತ ಎಂಜೈಮ್ ಮಾತ್ರೆ ಕೊಡುತ್ತಾರಲ್ಲ, ಅದು ನುಂಗಿದರೆ ಶ್ವಾಸಕೋಶದ ನೀರು ಇಳಿಯುತ್ತದಾ? ಊಟದಲ್ಲಿ ಉಪ್ಪು ಬಿಟ್ಟರೆ? (ಮಂಡ್ಯ)

ಮಾತ್ರೆಯಿಂದ ಇಳಿಯುವುದಿಲ್ಲ. ನುಂಗಿದ ಕಿಣ್ವವೂ ಒಂದು ಪ್ರೋಟೀನು, ಹೊಟ್ಟೆಗೆ ಅದಕ್ಕೂ ಬೇಳೆಗೂ ಹೆಚ್ಚು ಭೇದ ಇಲ್ಲ. ಪ್ರೋಸ್ಟಾಸಿನ್ ಗಾಳಿಚೀಲದ ಕೋಶದ ಮೇಲೆಯೇ ಕೂತು ಗ್ಯಾಮಾದ ಅದೇ ಒಂದು ಜಾಗಕ್ಕೆ ಕತ್ತರಿ ಹಾಕಬೇಕು, ಬಾಯಿಂದ ನುಂಗಿ ಆ ಕೆಲಸ ಮಾಡಿಸಲು ಆಗುವುದಿಲ್ಲ.

ಉಪ್ಪಿನ ಮಾತು ಬೇರೆ. ಹೃದಯ ಸೋತವರು ಉಪ್ಪು ಕಡಿಮೆ ಮಾಡಬೇಕು, ಅದು ರಕ್ತದ ಪ್ರಮಾಣ, ಒತ್ತಡ ಏರದಿರಲಿ ಅಂತ. ಗಾಳಿಚೀಲ ತಳ್ಳುವ ಉಪ್ಪು ಆ ನೀರಿನಲ್ಲೇ ಕರಗಿರುವ ಉಪ್ಪು, ನಿಮ್ಮ ತಟ್ಟೆಯದಲ್ಲ. ಮಂಡ್ಯದವರೇ, ಬಸ್ಸಾರಿಗೆ ಉಪ್ಪು ಕಡಿಮೆ ಹಾಕಿಸಿಕೊಂಡರೂ ಪಕ್ಕದಲ್ಲಿರುವ ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಯಾರೂ ಇಡುವುದಿಲ್ಲ, ಅದನ್ನೂ ಇಡಿ. ಕಾಲು ಊದಿಕೊಂಡು, ತೂಕ ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿ, ರಾತ್ರಿ ಒಂದು ದಿಂಬು ಇದ್ದದ್ದು ಎರಡಾದರೆ ಔಷಧಿ ಅಂಗಡಿಗೆ ಹೋಗಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.